ಹೊಸ ಮನೆಯಲ್ಲಿ ಗೇಮಿಂಗ್ ಕೋಣೆ: ಪ್ಲಾಸ್ಟರ್ ಆಗುವ ಮೊದಲು ಗೋಡೆಯೊಳಗೆ ಏನೇನು ಹೋಗಬೇಕು?

ಗೇಮ್‌ಗೂಡು

ಕಟ್ಟುತ್ತಿರುವ ಮನೆಯಲ್ಲಿ ಒಂದು ಕೋಣೆ ಪೂರ್ತಿ ವಿಡಿಯೊ ಗೇಮ್‌ಗೇ ಮೀಸಲು. ಇಟ್ಟಿಗೆ ಗೋಡೆ ಎದ್ದಿದೆ, ಪೈಪು ಹೂಳಲು ಗ್ರೂವ್ ಹೊಡೆದಿಲ್ಲ, ಪ್ಲಾಸ್ಟರ್ ಆಗಿಲ್ಲ. ಈಗ ಮರೆತದ್ದಕ್ಕೆ ಮುಂದೆ ಗೋಡೆ ಒಡೆಯಬೇಕಾಗುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಒಳ ಅಳತೆ 4.5 ಮೀಟರ್ ಉದ್ದ, 3.6 ಮೀಟರ್ ಅಗಲ, ಎತ್ತರ 3 ಮೀಟರ್. ಉದ್ದದ ಗೋಡೆಯೊಂದರ ನಡುವೆ ಕಿಟಕಿ. ಅದರ ಎದುರಿನ ಉದ್ದದ ಗೋಡೆಯ ಆಚೆ ಮಲಗುವ ಕೋಣೆ. ಒಂದು ಗಿಡ್ಡ ಗೋಡೆಯ ಮೂಲೆಯಲ್ಲಿ ಬಾಗಿಲು, ಇನ್ನೊಂದು ಗಿಡ್ಡ ಗೋಡೆ ಖಾಲಿ.

ಇಡಬೇಕಾದದ್ದು: ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಒಂದು ಗೇಮಿಂಗ್ ಪಿಸಿ, 21 ಇಂಚಿನ ಹಳೆಯ ಸಿಆರ್‌ಟಿ (ಗಾಜಿನ ಪಿಕ್ಚರ್ ಟ್ಯೂಬಿನ) ಟಿವಿ, ಕಾರ್ಟ್ರಿಜ್ ಕಾಲದ ಕೆಲವು ಕನ್ಸೋಲ್‌ಗಳು. ನಾಲ್ಕು ಜನ ಒಂದೇ ಸೋಫಾದಲ್ಲಿ ಕೂತು ಆಡುವಂತಿರಬೇಕು. ವಿಆರ್‌ಗೂ, ಅಂದರೆ ಕಣ್ಣಿಗೆ ಹೆಡ್‌ಸೆಟ್ ತೊಟ್ಟು ಓಡಾಡಿ ಆಡುವುದಕ್ಕೂ, ಜಾಗ ಬೇಕು.

ಗೊಂದಲ ಇರುವುದು ಇಷ್ಟರಲ್ಲಿ: ಟಿವಿಯೋ ಪ್ರೊಜೆಕ್ಟರೋ, ಎಲ್ಲಿ? ಯಾವ ತಂತಿ ಎಲ್ಲಿಂದ ಎಲ್ಲಿಗೆ? ಕರೆಂಟ್ ಲೋಡ್ ಎಷ್ಟು ಹಿಡಿಯಬೇಕು? ಪಕ್ಕದ ಕೋಣೆಗೆ ಸದ್ದು ಹೋಗದ ಹಾಗೆ ಮಾಡುವುದು ಹೇಗೆ? ಎಲ್ಲ ಯಂತ್ರಗಳನ್ನೂ ಬಾಗಿಲಿರುವ ಕ್ಯಾಬಿನೆಟ್‌ನಲ್ಲಿ ಮುಚ್ಚಿಡಬಹುದೇ?

ತಂತಿಜಾಲ

ಮೊದಲು ಸೋಫಾ ಎಲ್ಲಿ ಅಂತ ತೀರ್ಮಾನಿಸಿ. ಆಮೇಲೆ ಟಿವಿ, ಆಮೇಲೆ ತಂತಿ. ಬಹಳ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಗೋಡೆಯ ನಟ್ಟನಡುವೆ ಐದಡಿ ಎತ್ತರದಲ್ಲಿ ಒಂದು ಟಿವಿ ಪಾಯಿಂಟ್ ಬಂದುಬಿಡುತ್ತದೆ, ಪಾಯಿಂಟ್ ಇದ್ದಲ್ಲಿಗೇ ಟಿವಿ ಹೋಗುತ್ತದೆ, ಆಡುವವರು ಕತ್ತು ಎತ್ತಿಕೊಂಡೇ ಕೂರಬೇಕಾಗುತ್ತದೆ.

ನಿಮ್ಮ ಕೋಣೆಯಲ್ಲಿ ಟಿವಿಗೆ ಖಾಲಿ ಇರುವ ಗಿಡ್ಡ ಗೋಡೆಯೇ ಸರಿ. ಕಿಟಕಿ ಪಕ್ಕಕ್ಕೆ ಬರುವುದರಿಂದ ಬೆಳಕು ಪರದೆಗೆ ನೇರವಾಗಿ ಬಡಿಯುವುದಿಲ್ಲ, ಕೂತವರ ಕಣ್ಣಿಗೂ ಚುಚ್ಚುವುದಿಲ್ಲ. ದೂರದ ಲೆಕ್ಕ ಹೀಗೆ: ಪರದೆಯ ಅಗಲ ಕಣ್ಣಿಗೆ 30ರಿಂದ 40 ಡಿಗ್ರಿ ತುಂಬಿದರೆ ಚೆನ್ನ. 65 ಇಂಚಿನ ಪರದೆಯ ಅಗಲ 144 ಸೆಂ.ಮೀ.; ಅದು 2 ಮೀಟರ್ ದೂರದಿಂದ 40 ಡಿಗ್ರಿ, 2.7 ಮೀಟರ್‌ನಿಂದ 30 ಡಿಗ್ರಿ. 77 ಇಂಚಿನದು 170 ಸೆಂ.ಮೀ. ಅಗಲ, ಅದಕ್ಕೆ 2.3 ಮತ್ತು 3.2 ಮೀಟರ್. ಕಣ್ಣು ಪರದೆಯಿಂದ 2.6 ಮೀಟರ್ ದೂರ ಇರುವಂತೆ ಸೋಫಾ ಇಟ್ಟರೆ ಎರಡು ಸೈಜೂ ಹೊಂದುತ್ತವೆ. ನಾಲ್ಕು ಜನ ಸ್ಪ್ಲಿಟ್ ಸ್ಕ್ರೀನ್ (ಒಂದೇ ಪರದೆಯನ್ನು ನಾಲ್ಕು ಪಾಲು ಮಾಡಿಕೊಂಡು) ಆಡುವುದು ಖಚಿತವಾದರೆ 77ಕ್ಕೇ ಹೋಗಿ. ಆಗ ಒಬ್ಬೊಬ್ಬರ ಪಾಲಿಗೂ ಸುಮಾರು 38 ಇಂಚು ಸಿಗುತ್ತದೆ. 65ರಲ್ಲಿ ಸಿಗುವ 32 ಇಂಚಿನಲ್ಲಿ ಸಣ್ಣ ಅಕ್ಷರ ಓದಲು ಮುಂದೆ ಬಾಗಬೇಕಾಗುತ್ತದೆ.

ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ 100–110 ಸೆಂ.ಮೀ. ಎತ್ತರದಲ್ಲಿರುತ್ತದೆ. ಪರದೆಯ ನಡುಗೆರೆ ಅಲ್ಲೇ, ಅಥವಾ ಒಂದು ಗೇಣು ಮೇಲೆ. 77 ಇಂಚಿನ ಪರದೆ 96 ಸೆಂ.ಮೀ. ಎತ್ತರ, ಅಂದರೆ ಕೆಳ ಅಂಚು ನೆಲದಿಂದ 60–70 ಸೆಂ.ಮೀ. ಟಿವಿಯ ಹಿಂದಿನ ಪ್ಲಗ್ ಪಾಯಿಂಟನ್ನು ಪರದೆಯ ಕೇಂದ್ರಕ್ಕೆ ಕೊಡಬೇಡಿ, ಅಲ್ಲಿ ಗೋಡೆಗೆ ಹಾಕುವ ಬ್ರಾಕೆಟ್ ಬರುತ್ತದೆ. ಕೇಂದ್ರದಿಂದ 35–40 ಸೆಂ.ಮೀ. ಪಕ್ಕಕ್ಕೆ ಕೊಡಿ, ಬಾಕ್ಸ್ ಗೋಡೆಯ ಮಟ್ಟಕ್ಕಿಂತ ಒಳಗೇ ಕೂರಲಿ.

ಪ್ರೊಜೆಕ್ಟರ್ ಈಗ ಬೇಡ ಅನ್ನುತ್ತೇನೆ. 4ಕೆ 120 ಹರ್ಟ್ಜ್ (ಸೆಕೆಂಡಿಗೆ 120 ಚಿತ್ರ) ಮತ್ತು ವಿಆರ್‌ಆರ್ (ಆಟದ ವೇಗಕ್ಕೆ ಪರದೆ ತಾನೇ ಹೊಂದಿಕೊಳ್ಳುವುದು) ಟಿವಿಗಳಲ್ಲಿ ಸಲೀಸಾಗಿ ಸಿಗುತ್ತವೆ. ಪ್ರೊಜೆಕ್ಟರ್‌ಗಳಲ್ಲಿ ಇನ್‌ಪುಟ್ ಲ್ಯಾಗ್ (ಗುಂಡಿ ಒತ್ತಿದ್ದು ಪರದೆಯಲ್ಲಿ ಕಾಣಲು ಆಗುವ ತಡ) ಸಾಮಾನ್ಯವಾಗಿ ಹೆಚ್ಚು, ಕೋಣೆ ಕತ್ತಲಾಗಿಯೇ ಇರಬೇಕು. ಮುಂದೆ ಮನಸ್ಸಾದರೆ ಇರಲಿ ಅಂತ ಛಾವಣಿಗೆ ಒಂದು ಖಾಲಿ ಪೈಪು, ಒಂದು ಪ್ಲಗ್ ಪಾಯಿಂಟ್ ಬಿಟ್ಟರೆ ಸಾಕು.

ಈಗ ತಂತಿ. ಒಂದೇ ನಿಯಮ: ಗೋಡೆಯೊಳಗೆ ತಂತಿ ಹೂಳಬೇಡಿ, ಪೈಪು ಹೂಳಿ. ಯಂತ್ರದಿಂದ ಟಿವಿಗೆ ಚಿತ್ರ, ಸದ್ದು ಒಯ್ಯುವ ಎಚ್‌ಡಿಎಂಐ ಕೇಬಲಿನ ನಿಯಮ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. 2.0ರಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಇದ್ದದ್ದು 2.1ರಲ್ಲಿ 48 ಆಯಿತು, ಹಳೆಯ ಕೇಬಲ್ ಹೂತವರೆಲ್ಲ ಸಿಕ್ಕಿಹಾಕಿಕೊಂಡರು. ಪೈಪು 50 ಮಿ.ಮೀ. ವ್ಯಾಸದ್ದಿರಲಿ. 25 ಮಿ.ಮೀ. ಪೈಪಿನಲ್ಲಿ ಎಚ್‌ಡಿಎಂಐ ತಲೆ ನೇರ ಭಾಗದಲ್ಲಿ ಹೋದರೂ ಮೊದಲ ತಿರುವಿನಲ್ಲೇ ಕಚ್ಚಿಕೊಳ್ಳುತ್ತದೆ. ಎಳೆದರೆ ತಲೆಯ ಬುಡದಲ್ಲಿ ಕೇಬಲ್ ಕಿತ್ತುಬರುತ್ತದೆ. ತಿರುವಿಗೆ ಚೂಪು ಎಲ್ಬೋ ಹಾಕಿಸಬೇಡಿ, ಉದ್ದನೆಯ ಬೆಂಡ್ ಹಾಕಿಸಿ. ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಎರಡಕ್ಕಿಂತ ಹೆಚ್ಚು ತಿರುವು ಬೇಡ. ಪ್ರತಿ ಪೈಪಿನಲ್ಲೂ ನೈಲಾನ್ ದಾರ ಬಿಟ್ಟು ಎರಡೂ ತುದಿ ಕಟ್ಟಿಡಿ. ಪ್ಲಾಸ್ಟರ್ ಮಾಡುವಾಗ ಬಾಯಿಗೆ ಬಟ್ಟೆ ತುರುಕಿರಬೇಕು, ಇಲ್ಲವಾದರೆ ಸಿಮೆಂಟ್ ಒಳಗಿಳಿದು ಪೈಪು ಪ್ರಯೋಜನಕ್ಕೆ ಬಾರದಂತಾಗುತ್ತದೆ.

ನಿಮಗೆ ಬೇಕಾದ ಪೈಪುಗಳು: ಟಿವಿ ಹಿಂದಿನಿಂದ ಕೆಳಗಿನ ಕ್ಯಾಬಿನೆಟ್‌ಗೆ ಎರಡು, ಕ್ಯಾಬಿನೆಟ್‌ನಿಂದ ಪಿಸಿ ಮೇಜಿಗೆ ಒಂದು, ಕ್ಯಾಬಿನೆಟ್‌ನಿಂದ ಛಾವಣಿಗೆ ಒಂದು. ಪಿಸಿ ಮೇಜು ಮಲಗುವ ಕೋಣೆ ಕಡೆಯ ಗೋಡೆಗೆ ಒರಗಲಿ. ಅಲ್ಲಿಂದ ಟಿವಿಗೆ ಪೈಪಿನ ದಾರಿಯಲ್ಲಿ ಸುಮಾರು 6 ಮೀಟರ್ ಆಗುತ್ತದೆ. ತಾಮ್ರದ ಎಚ್‌ಡಿಎಂಐ 48 ಗಿಗಾಬಿಟ್ ಭರವಸೆಯಿಂದ ಒಯ್ಯುವುದು ಸುಮಾರು 5 ಮೀಟರ್‌ವರೆಗೆ ಮಾತ್ರ, ಅದರಾಚೆಗೆ ಆಪ್ಟಿಕಲ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕಿದೆ: ಒಂದು ತುದಿ ಮೂಲದ ಕಡೆಗೆ, ಇನ್ನೊಂದು ಪರದೆಯ ಕಡೆಗೆ. ತಿರುಗಿಸಿ ಎಳೆದರೆ ಚಿತ್ರವೇ ಬರುವುದಿಲ್ಲ, ಪೂರ್ತಿ ಹೊರಗೆಳೆದು ಮತ್ತೆ ಹಾಕಬೇಕು.

ಟಿವಿ ಕೊಳ್ಳುವಾಗ ಒಂದು ಎಚ್ಚರ. ಬಹಳಷ್ಟು ಟಿವಿಗಳಲ್ಲಿ 4ಕೆ 120 ಒಪ್ಪುವ ಎಚ್‌ಡಿಎಂಐ ಪೋರ್ಟು ಎರಡೇ, ಅದರಲ್ಲೂ ಒಂದು ಇಎಆರ್‌ಸಿ ಪೋರ್ಟು, ಟಿವಿಯ ಸದ್ದನ್ನು ಹೊರಗಿನ ಸ್ಪೀಕರ್‌ಗೆ ಕಳಿಸುವಂಥದ್ದು. ಸೌಂಡ್‌ಬಾರ್ ಅಲ್ಲಿ ಕೂತರೆ ಮೂರು ಯಂತ್ರಗಳಿಗೆ ಉಳಿಯುವುದು ಒಂದು. ನಾಲ್ಕೂ ಪೋರ್ಟು 2.1 ಇರುವ ಟಿವಿ ತೆಗೆದುಕೊಳ್ಳಿ, ಇಲ್ಲವೇ 4ಕೆ 120 ದಾಟಿಸುವ ಇನ್‌ಪುಟ್ ಸಾಕಷ್ಟಿರುವ ಎವಿ ರಿಸೀವರ್ (ಎಲ್ಲ ಯಂತ್ರಗಳನ್ನು ಜೋಡಿಸಿ ಸ್ಪೀಕರ್‌ಗಳನ್ನೂ ನಡೆಸುವ ಪೆಟ್ಟಿಗೆ).

ನೆಟ್‌ವರ್ಕ್‌ಗೆ ಕ್ಯಾಟ್ 6ಎ ದರ್ಜೆಯ ಕೇಬಲ್, ಅಪ್ಪಟ ತಾಮ್ರದ್ದು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಕೈಗೆ ಹಗುರ, ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಕ್ಯಾಬಿನೆಟ್‌ಗೆ ಎರಡು ಎಳೆ, ಮೇಜಿಗೆ ಎರಡು, ಛಾವಣಿಯ ವೈಫೈ ಪಾಯಿಂಟ್‌ಗೆ ಒಂದು. ಕ್ಯಾಬಿನೆಟ್‌ನಲ್ಲಿ 8 ಪೋರ್ಟಿನ ಸ್ವಿಚ್ ಇಟ್ಟರೆ ಕನ್ಸೋಲ್, ಟಿವಿ, ರಿಸೀವರ್ ಎಲ್ಲಕ್ಕೂ ಸಾಕು. ಕರೆಂಟ್ ಪೈಪಿನ ಪಕ್ಕದಲ್ಲೇ ಉದ್ದಕ್ಕೆ ಹೋಗುವ ಕಡೆ 20–30 ಸೆಂ.ಮೀ. ಅಂತರ ಇರಲಿ, ದಾಟಲೇಬೇಕಾದಲ್ಲಿ ಲಂಬವಾಗಿ ದಾಟಲಿ. ಕರೆಂಟ್ ಮತ್ತು ಡೇಟಾ ಒಂದೇ ಪೈಪಿನಲ್ಲಿ ಯಾವತ್ತೂ ಬೇಡ.

ಲೋಡ್ ಲೆಕ್ಕ: ಪಿಸಿ 600–700 ವ್ಯಾಟ್, ಕನ್ಸೋಲ್ ತಲಾ 200, ಟಿವಿ 250, ರಿಸೀವರ್ 300, ಸಬ್‌ವೂಫರ್ 150. ಎಲ್ಲ ಒಟ್ಟಿಗೆ ಓಡಿದರೂ 1,800 ವ್ಯಾಟ್ ಆಸುಪಾಸು. 230 ವೋಲ್ಟ್ ಸರಬರಾಜಿನಲ್ಲಿ 16 ಆಂಪಿಯರ್ ಸರ್ಕ್ಯೂಟ್ 3,680 ವ್ಯಾಟ್ ಹೊರುತ್ತದೆ, ನಿರಂತರ ಬಳಕೆಗೆ ಅದರ ಶೇಕಡಾ 80 ಹಿಡಿದರೂ ಧಾರಾಳ. 120 ವೋಲ್ಟ್ ಇರುವ ಕಡೆ 15 ಆಂಪಿಯರ್‌ನ ಒಂದು ಸರ್ಕ್ಯೂಟ್ ಸಾಲದು, ಎರಡು ಬೇಕು. ಯಂತ್ರಗಳಿಗೆ ಒಂದು, ಎಸಿಗೆ ಒಂದು, ದೀಪ–ಫ್ಯಾನಿಗೆ ಒಂದು, ಹೀಗೆ ಬೇರೆ ಬೇರೆ ಇರಲಿ. ಒಂದು ಟ್ರಿಪ್ ಆದರೆ ಕತ್ತಲಲ್ಲಿ ತಡಕಾಡುವಂತಾಗಬಾರದು. ಕ್ಯಾಬಿನೆಟ್ ಹಿಂದೆ ಎಂಟು ಸಾಕೆಟ್, ಮೇಜಿಗೆ ಆರು. ಹೆಚ್ಚಾಯಿತು ಅನ್ನಿಸಬಹುದು, ಎಣಿಸಿ ನೋಡಿ, ಆಗುವುದಿಲ್ಲ.

ಮೇನ್ ಬೋರ್ಡಿನಲ್ಲಿ ಹಠಾತ್ ವೋಲ್ಟೇಜ್ ಏರಿಕೆ ತಡೆಯುವ ಟೈಪ್ 2 ಸರ್ಜ್ ಅರೆಸ್ಟರ್, ಈ ಸರ್ಕ್ಯೂಟ್‌ಗೆ 30 ಮಿಲಿ ಆಂಪಿಯರ್‌ನ ಸ್ವಂತ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್). ಪಿಸಿಯಂಥ ಅರ್ತ್ ಪಿನ್ ಇರುವ ಪವರ್ ಸಪ್ಲೈಗಳು ಫಿಲ್ಟರ್ ಮೂಲಕ ಸ್ವಲ್ಪ ಕರೆಂಟನ್ನು ಅರ್ತ್‌ಗೆ ಬಿಡುವುದು ಸಹಜ. ಇಡೀ ಮನೆಗೆ ಒಂದೇ ಆರ್‌ಸಿಡಿ ಇದ್ದರೆ ಫ್ರಿಜ್, ವಾಷಿಂಗ್ ಮೆಷಿನ್, ಇವೆಲ್ಲ ಸೇರಿ ಕಾರಣವಿಲ್ಲದೆ ಟ್ರಿಪ್ ಆಗತೊಡಗುತ್ತದೆ. ಅರ್ತ್ ಬಗ್ಗೆ ಇನ್ನೊಂದು ಮಾತು. ಪ್ಲೇಸ್ಟೇಷನ್ 5, ಸೀರೀಸ್ ಎಕ್ಸ್ ಎರಡಕ್ಕೂ ಬರುವುದು ಎಂಟರ ಆಕಾರದ ಎರಡು ಪಿನ್ನಿನ ಕಾರ್ಡ್, ಅರ್ತ್ ಇಲ್ಲ. ಎಚ್‌ಡಿಎಂಐ ಲೋಹದ ಅಂಚಿಗೆ ಬೆರಳಿನ ಹಿಂಭಾಗ ಸವರಿದರೆ ಸಣ್ಣಗೆ ಜುಮ್ ಅನ್ನುವುದು ಅದಕ್ಕೇ. ಆ ಸ್ಥಿತಿಯಲ್ಲಿ ಕೇಬಲ್ ತೂರಿಸಿದರೆ ಕೆಲವೊಮ್ಮೆ ಪೋರ್ಟೇ ಸುಡುತ್ತದೆ. ಕೇಬಲ್ ಬದಲಿಸುವಾಗ ಎರಡೂ ಕಡೆಯ ಪ್ಲಗ್ ತೆಗೆಯುವುದು ಅಭ್ಯಾಸವಾಗಲಿ.

ಒಎಲ್‌ಇಡಿ ಟಿವಿ ಆದರೆ ಅದರ ಮೇನ್ ಸ್ವಿಚ್ ಆಟ ಮುಗಿದ ತಕ್ಷಣ ಆರಿಸಬೇಡಿ. ಕೆಲವು ಗಂಟೆ ಬಳಸಿದ ಮೇಲೆ ಪಿಕ್ಸೆಲ್ ಸರಿಪಡಿಸುವ ಕೆಲಸ ಅದು ಸ್ಟ್ಯಾಂಡ್‌ಬೈನಲ್ಲಿದ್ದಾಗಲೇ ನಡೆಯುವುದು. ದಿನಾ ಕರೆಂಟ್ ತೆಗೆದರೆ ಆ ಕೆಲಸ ನಡೆಯುವುದೇ ಇಲ್ಲ, ಹೆಲ್ತ್ ಬಾರ್, ಮ್ಯಾಪಿನಂಥ ಕದಲದ ಚಿತ್ರಗಳ ಅಚ್ಚು ಬೇಗ ಉಳಿಯುತ್ತದೆ.

ನಾದಗೋಡೆ

ಸದ್ದಿನ ವಿಷಯದಲ್ಲಿ ಎರಡು ಬೇರೆ ಕೆಲಸಗಳಿವೆ. ಕೋಣೆಯೊಳಗೆ ಮಾರ್ದನಿ ತಗ್ಗಿಸುವುದು ಒಂದು, ಆಚೆಗೆ ಸದ್ದು ಹೋಗದಂತೆ ತಡೆಯುವುದು ಇನ್ನೊಂದು. ಗೋಡೆಗೆ ಅಂಟಿಸುವ ಫೋಮ್ ಮೊದಲನೆಯದನ್ನು ಅಲ್ಪಸ್ವಲ್ಪ ಮಾಡುತ್ತದೆ, ಎರಡನೆಯದನ್ನು ಮಾಡುವುದೇ ಇಲ್ಲ. ಮೊಟ್ಟೆಯ ಟ್ರೇ ಎರಡನ್ನೂ ಮಾಡುವುದಿಲ್ಲ.

ತಡೆಯುವುದಕ್ಕೆ ಬೇಕಾದದ್ದು ತೂಕ, ಗಾಳಿ ನುಸುಳದ ಮುಚ್ಚಿಗೆ, ಮತ್ತು ಎರಡು ಪದರಗಳ ನಡುವೆ ಸಂಪರ್ಕ ಕಡಿಯುವುದು. ನಿಮ್ಮ ಇಟ್ಟಿಗೆ ಗೋಡೆಗೆ ತೂಕ ಇದೆ. ಅದರ ದೋಷ ಇರುವುದು ಸಂದುಗಳಲ್ಲಿ. ಎರಡೂ ಕಡೆ, ಛಾವಣಿ ಮುಟ್ಟುವವರೆಗೆ ಪ್ಲಾಸ್ಟರ್ ಆಗಬೇಕು. ಫಾಲ್ಸ್ ಸೀಲಿಂಗ್ ಬರುತ್ತದೆ ಅಂತ ಮೇಲಿನ ಒಂದಡಿ ಬಿಟ್ಟುಬಿಡುವುದುಂಟು, ಸದ್ದು ದಾಟುವುದು ಅಲ್ಲೇ. ಮಲಗುವ ಕೋಣೆಯ ಗೋಡೆಯಲ್ಲಿ ಈಚೆಯ ಸ್ವಿಚ್ ಬಾಕ್ಸಿಗೆ ಬೆನ್ನು ತಾಗುವಂತೆ ಆಚೆಯ ಬಾಕ್ಸ್ ಇಡಿಸಬೇಡಿ. ನಡುವೆ ಉಳಿಯುವುದು ಎರಡು ತಗಡು ಮಾತ್ರ. ಕನಿಷ್ಠ ಅರ್ಧ ಮೀಟರ್ ಸರಿಸಿ.

ಮಾತು, ಗುಂಡಿನ ಸದ್ದು ಇಷ್ಟಕ್ಕೇ ಬಹಳ ತಗ್ಗುತ್ತವೆ. ಬೇಸ್ ತಗ್ಗುವುದಿಲ್ಲ. ಅದು ಬೇಕೇಬೇಕು ಅಂದರೆ ಆ ಗೋಡೆಗೆ ತಾಗದಂತೆ ಈಚೆ ಪ್ರತ್ಯೇಕ ಚೌಕಟ್ಟು ನಿಲ್ಲಿಸಿ, ಒಳಗೆ 50 ಮಿ.ಮೀ. ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿ, ಎರಡು ಪದರ ಜಿಪ್ಸಮ್ ಬೋರ್ಡ್ ಸಂದು ತಪ್ಪಿಸಿ ಹೊಡೆಸಬೇಕು. ಕೋಣೆ ಸುಮಾರು 10–12 ಸೆಂ.ಮೀ. ಕಿರಿದಾಗುತ್ತದೆ. ಒಂದೇ ಒಂದು ಮೊಳೆ ಹಳೆಯ ಗೋಡೆಗೆ ಬಿಗಿದರೂ ಕಂಪನ ಅದರ ಮೂಲಕವೇ ದಾಟುತ್ತದೆ.

ಬಾಗಿಲು ಎಲ್ಲಕ್ಕಿಂತ ದುರ್ಬಲ ಜಾಗ. ಟೊಳ್ಳು ಫ್ಲಶ್ ಡೋರ್ ಬೇಡ, 40–45 ಮಿ.ಮೀ. ಘನ ಬಾಗಿಲು, ಚೌಕಟ್ಟಿನ ಮೂರೂ ಬದಿಗೆ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಮುಚ್ಚಿದಾಗ ತಾನೇ ಇಳಿಯುವ ಸೀಲ್. ಎಸಿ ಪೈಪಿನ ತೂತನ್ನೂ ಮರೆಯದೆ ತುಂಬಿಸಿ.

ಇನ್ನು ಕೋಣೆಯೊಳಗಿನ ಬೇಸ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನಲ್ಲಿ ಗುಂಯ್‌ಗುಡುವ ಮೊದಲ ಸ್ವರ ಸಿಗುತ್ತದೆ. ನಿಮ್ಮ 4.5 ಮೀಟರ್‌ಗೆ 38 ಹರ್ಟ್ಜ್, 3.6ಕ್ಕೆ 48, 3ಕ್ಕೆ 57. ಮೂರೂ ಬೇರೆ ಬೇರೆ ಇರುವುದು ಒಳ್ಳೆಯದೇ. ಚೌಕ ಕೋಣೆಯಾಗಿದ್ದರೆ ಎರಡು ಒಂದೇ ಕಡೆ ಬಂದು ಕೂರುತ್ತಿದ್ದವು. ಆದರೆ ಕೋಣೆಯ ಉದ್ದದ ಸರಿ ನಡುವೆ, 2.25 ಮೀಟರಿನಲ್ಲಿ ಕೂತವರಿಗೆ 38 ಹರ್ಟ್ಜ್ ಕೇಳಿಸುವುದೇ ಇಲ್ಲ, ಹಿಂಗೋಡೆಗೆ ಒರಗಿ ಕೂತವರಿಗೆ ಅದೇ ಸ್ವರ ಅತಿಯಾಗುತ್ತದೆ. ತಂತಿಜಾಲ ಹೇಳಿದ 2.6 ಮೀಟರ್ ಈ ಲೆಕ್ಕಕ್ಕೂ ಕೂಡಿಬರುತ್ತದೆ.

ಸ್ಪೀಕರ್: ಮುಂದಿನ ಎರಡು ಕಿವಿಯ ಮಟ್ಟದಲ್ಲಿ, ನಡುಗೆರೆಯಿಂದ 22–30 ಡಿಗ್ರಿ. ಸರೌಂಡ್ ಎರಡು ಕಿವಿಯಿಂದ ಸ್ವಲ್ಪ ಹಿಂದಕ್ಕೆ, 100–110 ಡಿಗ್ರಿ. ಶೂಟರ್ ಆಡುವವರಿಗೆ ಹಿಂದಿನ ಹೆಜ್ಜೆ ಸದ್ದು ಸರಿಯಾಗಿ ಬರುವುದು ಈ ಎರಡರಿಂದಲೇ, ಹಾಗಾಗಿ ಸೋಫಾದ ಎರಡೂ ಪಕ್ಕದ ಗೋಡೆಗೆ ಸ್ಪೀಕರ್ ಪೈಪು ಈಗಲೇ ಬಿಡಿಸಿ. 2.5 ಚದರ ಮಿ.ಮೀ. ತಾಮ್ರದ ತಂತಿ ಈ ಕೋಣೆಗೆ ಸಾಕು. ಸಬ್‌ವೂಫರ್ ಜಾಗ ಈಗ ಖಾತ್ರಿ ಮಾಡಬೇಡಿ, ಮುಂದಿನ ಎರಡೂ ಮೂಲೆಗೆ ಲೈನ್ ಬಿಡಿ. ಸಾಮಾನು ಬಂದ ಮೇಲೆ ಸಬ್‌ವೂಫರನ್ನು ಸೋಫಾದ ಮೇಲಿಟ್ಟು, ಬೇಸ್ ಹಾಡು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿ ಓಡಾಡಿ. ಬೇಸ್ ಎಲ್ಲಿ ಸಮವಾಗಿ ಕೇಳುತ್ತದೋ ಅದೇ ಅದರ ಜಾಗ.

ಮಾರ್ದನಿಗೆ 60 × 120 ಸೆಂ.ಮೀ. ಅಳತೆಯ, 5 ಸೆಂ.ಮೀ. ದಪ್ಪದ ರಾಕ್‌ವುಲ್ ಪ್ಯಾನೆಲ್ ಆರು ಸಾಕು, ಗೋಡೆಯಿಂದ 5 ಸೆಂ.ಮೀ. ಬಿಟ್ಟು ತೂಗುಹಾಕಿ. ಎಲ್ಲಿ ಅಂದರೆ: ಸೋಫಾದಲ್ಲಿ ಕೂತು, ಇನ್ನೊಬ್ಬರಿಂದ ಪಕ್ಕದ ಗೋಡೆಯ ಮೇಲೆ ಕನ್ನಡಿ ಜರುಗಿಸಿಸಿ. ಸ್ಪೀಕರ್ ಕನ್ನಡಿಯಲ್ಲಿ ಕಂಡ ಜಾಗವೇ ಪ್ಯಾನೆಲ್‌ನ ಜಾಗ. ಕಿಟಕಿ ಕಡೆ ದಪ್ಪ ಪರದೆ ಇದ್ದರೆ ಅಲ್ಲಿ ಒಂದು ಪ್ಯಾನೆಲ್ ಕಡಿಮೆ.

ಗೇಮ್‌ಗೂಡು

ಇಬ್ಬರಿಗೂ ತುಂಬಾ ಧನ್ಯವಾದ. ಒಂದು ತೊಡಕು ಬಂದಿದೆ. ಟಿವಿ ಗೋಡೆ ಅರ್ಧ ಇಟ್ಟಿಗೆಯದು, 115 ಮಿ.ಮೀ. ಅದರಲ್ಲಿ 50 ಮಿ.ಮೀ. ಪೈಪು ಹೂಳಲು ಆಗುವುದಿಲ್ಲ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. 25ಕ್ಕೆ ಇಳಿಸಬೇಕೇ?

ತಂತಿಜಾಲ

ಅವರು ಹೇಳಿದ್ದು ಸರಿ, ಗೋಡೆಯ ದಪ್ಪ ಕೇಳದೆ 50 ಅಂದದ್ದು ನನ್ನ ತಪ್ಪು. ನಿಂತ ಗ್ರೂವ್ ಗೋಡೆಯ ದಪ್ಪದ ಮೂರನೇ ಒಂದು ಪಾಲಿಗಿಂತ ಆಳ ಹೋಗಬಾರದು, ಅಡ್ಡ ಗ್ರೂವ್ ಆರನೇ ಒಂದು ಪಾಲಿಗಿಂತ. 115ಕ್ಕೆ ಅದು 38 ಮತ್ತು 19 ಮಿ.ಮೀ. ಅಡ್ಡ ಗ್ರೂವ್‌ನಂತೂ ಆ ಗೋಡೆಯಲ್ಲಿ ಹೊಡೆಸಲೇಬೇಡಿ. ಕಂಬ, ಬೀಮ್‌ಗಳ ತಂಟೆಗೂ ಹೋಗಬಾರದು.

ಆದರೆ 25ಕ್ಕೆ ಇಳಿಸಬೇಡಿ, ಗೋಡೆಯಿಂದ ಹೊರಗೆ ಬನ್ನಿ. ಟಿವಿ ಹಿಂದೆ 60 ಮಿ.ಮೀ. ದಪ್ಪದ ಮರದ ಪಟ್ಟಿಗಳನ್ನು ನಿಲ್ಲಿಸಿ, ಮೇಲೆ 18 ಮಿ.ಮೀ. ಪ್ಲೈವುಡ್ ಹೊಡೆಸಿ. 77 ಇಂಚಿಗೆ 2 ಮೀಟರ್ ಅಗಲದ ಹಲಗೆ, ನೆಲದಿಂದ 1.6 ಮೀಟರ್ ಎತ್ತರ. ಪೈಪೇ ಬೇಕಿಲ್ಲ, ಹಲಗೆಯ ಹಿಂದಿನ ಪೊಳ್ಳಿನಲ್ಲಿ ಎಲ್ಲ ಕೇಬಲ್ ಇಳಿಯುತ್ತದೆ. ಬ್ರಾಕೆಟ್ ಬರುವ ಜಾಗದಲ್ಲಿ ಪಟ್ಟಿಗಳು ಒತ್ತಾಗಿರಲಿ, ಬ್ರಾಕೆಟ್‌ನ ಬೋಲ್ಟ್ ಪ್ಲೈವುಡ್ ದಾಟಿ ಪಟ್ಟಿ ಹಿಡಿಯಲಿ, ಪಟ್ಟಿಗಳನ್ನು ಆಂಕರ್ ಬೋಲ್ಟಿನಿಂದ ಇಟ್ಟಿಗೆಗೆ ಬಿಗಿಯಲಿ. ಕೆಳಗಿನ ತುಂಡನ್ನು ಬೇರೆಯಾಗಿ, ತಿರುಪು ಬಿಚ್ಚಿದರೆ ಕೈಗೆ ಬರುವಂತೆ ಮಾಡಿಸಿ. ಗೋಡೆ ಒಡೆಯುವುದಕ್ಕಿಂತ ಇದು ನಿಜಕ್ಕೂ ಉತ್ತಮ ವ್ಯವಸ್ಥೆ, ದಪ್ಪ ಗೋಡೆಯಿದ್ದರೂ ಇದನ್ನೇ ಸೂಚಿಸಬೇಕಿತ್ತು.

ಹಲಗೆಯಿಂದ ಪಿಸಿ ಮೇಜಿಗೆ ಅಡ್ಡ ದಾರಿ: ನೆಲದಂಚಿನ ಸ್ಕರ್ಟಿಂಗ್ ಜಾಗದಲ್ಲಿ 60 × 40 ಮಿ.ಮೀ. ಮುಚ್ಚಳದ ಟ್ರಂಕಿಂಗ್. ನಡುವೆ ತಡೆಪಟ್ಟಿ ಇರುವಂಥದ್ದು ಸಿಗುತ್ತದೆ, ಒಂದು ಖಾನೆ ಡೇಟಾಗೆ, ಇನ್ನೊಂದು ಸ್ಪೀಕರ್‌ಗೆ. ಛಾವಣಿಗೆ ಹೋಗುವುದನ್ನು ದಪ್ಪ ಗೋಡೆಯಲ್ಲಿ ನಿಂತ ಗ್ರೂವ್ ಹೊಡೆಸಿ ಒಯ್ಯಿರಿ. ಅಲ್ಲಿ 32 ಮಿ.ಮೀ.ಗೇ ಮಿತಿಯಾದರೆ ತಲೆ ಕಳಚಿ ಜೋಡಿಸುವ ಆಪ್ಟಿಕಲ್ ಎಚ್‌ಡಿಎಂಐ ಬರುತ್ತದೆ, ಅದರ ಸಣ್ಣ ತುದಿ ಸುಲಭವಾಗಿ ಹಾದುಹೋಗುತ್ತದೆ.

ತಂಪುಗಾಳಿ

ಬಾಗಿಲಿರುವ ಕ್ಯಾಬಿನೆಟ್ ಬಗ್ಗೆ ಯಾರೂ ಹೇಳಲಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಕನ್ಸೋಲ್ ತನ್ನದೇ ಬಿಸಿಗಾಳಿಯನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಫ್ಯಾನ್ ಸದ್ದು ಏರುವುದು ಮೊದಲ ಲಕ್ಷಣ, ಆಮೇಲೆ ತಾನೇ ಆಫ್ ಆಗುವುದು.

ಹಿಂಬದಿ ಹಲಗೆ ಹಾಕಿಸಲೇಬೇಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಆಳ 50 ಸೆಂ.ಮೀ. ಇರಲಿ: ಪ್ಲೇಸ್ಟೇಷನ್ 5ರ ಮೊದಲ ಮಾದರಿ 39 ಸೆಂ.ಮೀ. ಎತ್ತರ, 26 ಸೆಂ.ಮೀ. ಆಳ, ಅದು ಮುಂದಿನಿಂದ ಎಳೆದು ಹಿಂದಕ್ಕೆ ಊದುತ್ತದೆ, ಹಿಂದೆ 10 ಸೆಂ.ಮೀ. ಖಾಲಿ ಬೇಕು, ಕೇಬಲ್ ಬಾಗುವುದಕ್ಕೂ ಜಾಗ ಬೇಕು. ಸೀರೀಸ್ ಎಕ್ಸ್ ನಿಲ್ಲಿಸಿದಾಗ 30 ಸೆಂ.ಮೀ. ಎತ್ತರ, ಮೇಲಕ್ಕೆ ಊದುತ್ತದೆ. ಅದರ ಖಾನೆಯ ಎತ್ತರ 45 ಇರಬೇಕು. ಎರಡಕ್ಕೂ ಅಡ್ಡ ಹಲಗೆಗಳಲ್ಲಿ ಹಿಂದೆ 8 ಸೆಂ.ಮೀ. ಸೀಳು ಬಿಡಿಸಿ, ಬಿಸಿಗಾಳಿ ಮೇಲೆ ಹೋಗಲು ದಾರಿಯಾಗುತ್ತದೆ.

ಮುಂದಿನ ಬಾಗಿಲು ಗಾಜಿನದೋ ಗಟ್ಟಿ ಮರದ್ದೋ ಆದರೆ ಫ್ಯಾನ್ ಬೇಕೇಬೇಕು. ಲೆಕ್ಕ: ವ್ಯಾಟನ್ನು 1.76ರಿಂದ ಗುಣಿಸಿ, ಒಪ್ಪಬಹುದಾದ ಉಷ್ಣಾಂಶ ಏರಿಕೆಯಿಂದ ಭಾಗಿಸಿದರೆ ನಿಮಿಷಕ್ಕೆ ಬೇಕಾದ ಘನ ಅಡಿ ಗಾಳಿ. ಒಳಗೆ 500 ವ್ಯಾಟ್, 10 ಡಿಗ್ರಿ ಸೆಲ್ಸಿಯಸ್ ಏರಿಕೆ ಅಂದರೆ 88 ಘನ ಅಡಿ. 120 ಮಿ.ಮೀ. ಫ್ಯಾನ್ ಎರಡು, ಮೇಲ್ಭಾಗದಿಂದ ಹೊರಕ್ಕೆ ಎಳೆಯುವಂತೆ. ಕೆಳಗೆ ಅಷ್ಟೇ ವಿಸ್ತಾರದ ಗಾಳಿಕಿಂಡಿ. ಕಿಂಡಿ ಇಲ್ಲದೆ ಫ್ಯಾನ್ ಮಾತ್ರ ಹಾಕಿದರೆ ಅದು ಸುಮ್ಮನೆ ತಿರುಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಾಗಿಲೇ ಬೇಡ, ಅಥವಾ ಜಾಲರಿ ಬಾಗಿಲು, ಮರ ಅಥವಾ ಬೆತ್ತದ್ದು. ಲೋಹದ ಜಾಲರಿ ಕಂಟ್ರೋಲರ್‌ನ ನಿಸ್ತಂತು ಸಂಕೇತವನ್ನು ತಡೆಯುತ್ತದೆ, ಗುಂಡಿ ಒತ್ತಿದ್ದು ತಡವಾಗಿ ತಲುಪುತ್ತದೆ.

ಎಸಿ ಲೆಕ್ಕಕ್ಕೆ ಈ ಯಂತ್ರಗಳನ್ನೂ ಸೇರಿಸಿ. ಅವು ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯೇ. 1,500 ವ್ಯಾಟ್ ಯಂತ್ರ, ನಾಲ್ಕು ಜನಕ್ಕೆ ತಲಾ 100, ಒಟ್ಟು 1,900. ಒಂದು ಟನ್ ಎಂದರೆ ಸುಮಾರು 3,500 ವ್ಯಾಟ್. ಅಂದರೆ ಇದೇ ಅಳತೆಯ ಮಲಗುವ ಕೋಣೆಗೆ ಹಿಡಿಯುವುದಕ್ಕಿಂತ ಅರ್ಧ ಟನ್ ಹೆಚ್ಚು. ಒಳಘಟಕ ಟಿವಿಯ ಮೇಲೆ, ಕ್ಯಾಬಿನೆಟ್ ಮೇಲೆ, ಪಿಸಿ ಮೇಲೆ ಎಲ್ಲೂ ಬೇಡ. ಡ್ರೈನ್ ಕಟ್ಟಿದ ದಿನ ನೀರು ತೊಟ್ಟಿಕ್ಕುವುದು ನೇರ ಕೆಳಕ್ಕೆ. ಬಾಗಿಲಿನ ಗೋಡೆಯೇ ಕ್ಷೇಮ.

ಆಚೆಲೋಕ

ವಿಆರ್‌ಗೆ ಅಡೆತಡೆಯಿಲ್ಲದ 2 × 2 ಮೀಟರ್ ಜಾಗ ಬೇಕು. ಸೋಫಾ 2.6 ಮೀಟರಿನಲ್ಲಿ ಇದ್ದಾಗ ನಿಮಗೆ ಅದು ಸಿಗುವುದಿಲ್ಲ: ಕ್ಯಾಬಿನೆಟ್ ಅರ್ಧ ಮೀಟರ್, ಕಾಲು ಚಾಚುವ ಜಾಗ ಕಳೆದರೆ ಒಂದೂವರೆ ಮೀಟರ್ ಚಿಲ್ಲರೆ ಉಳಿಯುತ್ತದೆ. ಸೋಫಾ ಹಿಂದೆ ಮಾತ್ರ ಒಂದು ಮೀಟರ್‌ಗೂ ಹೆಚ್ಚು ಖಾಲಿ ಇದೆ. ಹಾಗಾಗಿ ಹಿಂದೆ ಏನನ್ನೂ ಕಟ್ಟಿಸಬೇಡಿ, ಸೋಫಾದ ಕಾಲಿಗೆ ನೆಲದ ಮೇಲೆ ಜಾರುವ ಬಿಲ್ಲೆ ಹಾಕಿಸಿ, ವಿಆರ್ ಆಡುವಾಗ ಹಿಂಗೋಡೆಗೆ ತಳ್ಳಿ. ಪಿಸಿ ಮೇಜು 75 ಸೆಂ.ಮೀ. ತಿಂದರೂ ಅಡ್ಡಕ್ಕೆ 2.85 ಮೀಟರ್ ಉಳಿಯುತ್ತದೆ, ಸಾಕು.

ಸೀಲಿಂಗ್ ಫ್ಯಾನಿನ ಹುಕ್ ಕೋಣೆಯ ನಡುವೆ ಹಾಕಿಸಿದ್ದರೆ ಅದು ಆಟದ ಜಾಗದ ನೆತ್ತಿಗೇ ಬರುತ್ತದೆ. ಐದಡಿ ಹತ್ತಂಗುಲದವರು ಕೈ ಎತ್ತಿದರೆ 2.2 ಮೀಟರ್, ಕೈಯಲ್ಲಿ ಕಂಟ್ರೋಲರ್, ಜೊತೆಗೆ ಒಂದು ನೆಗೆತ. 3 ಮೀಟರ್ ಛಾವಣಿಗೆ ಇಳಿಬಿಟ್ಟ ಫ್ಯಾನಿನ ರೆಕ್ಕೆ ಸುಮಾರು 2.5 ಮೀಟರಿನಲ್ಲಿರುತ್ತದೆ. ಗೋಡೆ ಫ್ಯಾನ್ ಹಾಕಿ.

ಇನ್ನೆರಡು ಮಾತು. ಹೆಡ್‌ಸೆಟ್ ಕಿಟಕಿಯ ಹತ್ತಿರ ಇಡಬಾರದು. ಲೆನ್ಸ್ ಮೇಲೆ ಬಿದ್ದ ಬಿಸಿಲು ಭೂತಗಾಜಿನಂತೆ ಒಳಗಿನ ಪರದೆಯ ಮೇಲೆ ಒಂದು ಚುಕ್ಕೆ ಸುಟ್ಟುಬಿಡುತ್ತದೆ, ಅದಕ್ಕೆ ರಿಪೇರಿ ಇಲ್ಲ. ಪಿಸಿಯಿಂದ ನಿಸ್ತಂತು ಆಡುವುದಾದರೆ ಅದೇ ಕೋಣೆಯ ಛಾವಣಿಯಲ್ಲಿ 5 ಅಥವಾ 6 ಗಿಗಾಹರ್ಟ್ಜ್ ವೈಫೈ ಪಾಯಿಂಟ್, ಅದಕ್ಕೂ ಪಿಸಿಗೂ ತಂತಿ ಸಂಪರ್ಕ. ತಂತಿಜಾಲ ಛಾವಣಿಗೆ ಹೇಳಿದ ಆ ಒಂದು ಎಳೆ ಇದಕ್ಕೇ.

ಹಳೇಕಾರ್ಟ್ರಿಜ್

ಸಿಆರ್‌ಟಿಯನ್ನು ಎಸೆಯದೆ ಉಳಿಸಿಕೊಂಡಿದ್ದೀರಿ, ಬಹಳ ಸಂತೋಷ. ಆ ಕಾಲದ ಲೈಟ್ ಗನ್ (ಪರದೆಗೆ ಗುರಿಯಿಡುವ ಆಟಿಕೆ ಬಂದೂಕಿನ) ಆಟಗಳು ಅದರಲ್ಲಿ ಮಾತ್ರ ಆಗುತ್ತವೆ, ಯಾಕೆಂದರೆ ಬಂದೂಕು ಪರದೆಯ ಮೇಲೆ ಗೆರೆಗೆರೆಯಾಗಿ ಓಡುವ ಎಲೆಕ್ಟ್ರಾನ್ ಕಿರಣದ ಬೆಳಕನ್ನು, ಆ ಹೊತ್ತಿಗೆ ಸರಿಯಾಗಿ, ನಿರೀಕ್ಷಿಸುತ್ತದೆ. ಎಲ್‌ಸಿಡಿಯಲ್ಲಿ ಅದು ಕಾಣುವುದೇ ಇಲ್ಲ.

21 ಇಂಚಿನದು ಸುಮಾರು ಅರ್ಧ ಮೀಟರ್ ಆಳ, ತೂಕ 25 ಕಿಲೋ ಆಸುಪಾಸು, ಅದೂ ಮುಂಭಾಗಕ್ಕೆ ವಾಲಿದ ತೂಕ. ಗಟ್ಟಿ ಮೇಜು, ಆಳ 60 ಸೆಂ.ಮೀ. ಬಾಗಿಲ ಪಕ್ಕದ ಹಿಂದಿನ ಮೂಲೆ ಕೊಡಿ. ಸಬ್‌ವೂಫರ್ ಮುಂದಿನ ಮೂಲೆಯಲ್ಲಿ ಇರುವುದರಿಂದ ಅದರ ಅಯಸ್ಕಾಂತದಿಂದ ದೂರವೇ ಉಳಿಯುತ್ತದೆ. ಹತ್ತಿರ ಇಟ್ಟರೆ ಮೂಲೆಯಲ್ಲಿ ನೇರಳೆ, ಹಸಿರು ಕಲೆ ಮೂಡುತ್ತವೆ.

ಅದೇ ಕನ್ಸೋಲ್‌ಗಳನ್ನು ಹೊಸ ಟಿವಿಗೂ ಹಾಕುವ ಆಸೆ ಇದ್ದರೆ ನೇರವಾಗಿ ಹಾಕಬೇಡಿ. ಅವು ಕೊಡುವುದು 240 ಗೆರೆಯ ಪೂರ್ಣ ಚಿತ್ರ. ಬಹಳಷ್ಟು ಹೊಸ ಟಿವಿಗಳು ಅದನ್ನು 480 ಗೆರೆಯ ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ ಬರುವ ಚಿತ್ರ) ಎಂದು ತಪ್ಪಾಗಿ ತಿಳಿದು ಎರಡು ಕಂತನ್ನು ಹೊಲಿಯಲು ಹೋಗುತ್ತವೆ, ಚಿತ್ರ ಮಸುಕಾಗುತ್ತದೆ, ಗುಂಡಿ ತಡವಾಗುತ್ತದೆ. ಗೆರೆ ದುಪ್ಪಟ್ಟು ಮಾಡುವ ಸ್ಕೇಲರ್ ನಡುವೆ ಬೇಕು.

ಕರೆಂಟ್ ವಿಷಯದಲ್ಲಿ ತುಂಬಾ ಜಾಗ್ರತೆ. ಜಪಾನಿನ ಕನ್ಸೋಲ್‌ಗಳ ಅಡಾಪ್ಟರ್ 100 ವೋಲ್ಟಿನವು, ಒಳಗೆ ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್. 230ಕ್ಕೆ ಸಿಕ್ಕಿಸಿದರೆ ಆ ಕ್ಷಣವೇ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ಗೆಂದು ಆ ಮೂಲೆಯಲ್ಲಿ ಒಂದು ಸಾಕೆಟ್ ಬೇರೆ ಬಣ್ಣದ್ದು ಹಾಕಿಸಿ. ಅಡಾಪ್ಟರ್‌ಗಳು ನೋಡಲು ಒಂದೇ ಥರ, ಒಳಗೆ ಹಾಗಲ್ಲ: ಅಮೆರಿಕದ ಎನ್‌ಇಎಸ್ ಜೊತೆ ಬಂದದ್ದು 9 ವೋಲ್ಟ್ ಎಸಿ ಕೊಡುತ್ತದೆ, ಜಪಾನಿನ ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ, ನಡುಪಿನ್ ಋಣ. ಮೊದಲನೆಯದನ್ನು ಎರಡನೆಯದಕ್ಕೆ ಹಾಕಿದರೆ ಕನ್ಸೋಲ್ ಹೋಯಿತು. ಪ್ರತಿ ಅಡಾಪ್ಟರ್‌ನ ತಂತಿಗೂ ಕನ್ಸೋಲ್ ಹೆಸರಿನ ಚೀಟಿ ಇಂದೇ ಕಟ್ಟಿ.

ಗೇಮ್‌ಗೂಡು

ಫ್ಯಾನಿನ ಹುಕ್ ನಿಜವಾಗಿಯೂ ನಡುವೆಯೇ ಇತ್ತು, ಬಳಸುವುದಿಲ್ಲ. ಹಲಗೆ ಗೋಡೆಗೆ ಬಡಗಿಗೆ ಅಳತೆ ಕೊಟ್ಟಿದ್ದೇನೆ. ಹಲಗೆ ಮುಚ್ಚುವ ಮೊದಲು ಪರೀಕ್ಷಿಸಬೇಕಾದದ್ದು ಏನಾದರೂ ಇದೆಯೇ?

ತಂತಿಜಾಲ

ಇದೆ. ಪ್ಲಾಸ್ಟರ್‌ಗೆ ಮುಂಚೆ ಪ್ರತಿ ಗೋಡೆಗೂ ಟೇಪು ಹಿಡಿದು, ಅಂಕಿ ಕಾಣುವಂತೆ ಫೋಟೊ ತೆಗೆದಿಡಿ. ನಾಳೆ ಪ್ಯಾನೆಲ್‌ಗೆ ತೂತು ಕೊರೆಯುವಾಗ ಪೈಪು ಎಲ್ಲಿದೆ ಅಂತ ತಿಳಿಯುವುದು ಅದರಿಂದಲೇ.

ನೆಟ್‌ವರ್ಕ್ ಎಳೆಗಳನ್ನು ದೀಪ ಹತ್ತುವ ಪರೀಕ್ಷಕದಿಂದ ಮಾತ್ರ ನೋಡಿ ಬಿಡಬೇಡಿ, ಎಂಟೂ ತಂತಿ ಸೇರಿವೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಒಂದು ತುದಿಗೆ ಪಿಸಿ ಹಾಕಿ, ದೊಡ್ಡ ಫೈಲ್ ಕಳಿಸಿ ವೇಗ ನೋಡಿ. ಗಿಗಾಬಿಟ್ ಬರಬೇಕಾದಲ್ಲಿ 100 ಮೆಗಾಬಿಟ್ ತೋರಿಸಿದರೆ ಒಂದು ಜೋಡಿ ಸರಿಯಾಗಿ ಕಚ್ಚಿಲ್ಲ.

ಎಚ್‌ಡಿಎಂಐ ಕೇಬಲನ್ನು ಪ್ಲೇಸ್ಟೇಷನ್‌ನಿಂದ ಪರೀಕ್ಷಿಸಿ ತೃಪ್ತರಾಗಬೇಡಿ. ಅದು ಬಳಸುವುದು 32 ಗಿಗಾಬಿಟ್‌ವರೆಗೆ. ಪಿಸಿ 4ಕೆ 120, 10 ಬಿಟ್ ಬಣ್ಣವನ್ನು ಪೂರ್ತಿಯಾಗಿ ಕಳಿಸಿದರೆ 40ರ ಹತ್ತಿರ ಹೋಗುತ್ತದೆ. ಒಂದೇ ಕೇಬಲ್ ಅಲ್ಲಿ ಪಾಸಾಗಿ ಇಲ್ಲಿ ಫೇಲಾಗುವುದು ಸಾಮಾನ್ಯ. ಪಿಸಿಯನ್ನು ಆ ಸೆಟ್ಟಿಂಗ್‌ನಲ್ಲಿಟ್ಟು, ಎಚ್‌ಡಿಆರ್ (ಬೆಳಕು–ನೆರಳಿನ ಅಂತರ ಹಿಗ್ಗಿಸುವ ಸೌಲಭ್ಯ) ಮತ್ತು ವಿಆರ್‌ಆರ್ ಎರಡೂ ಹಾಕಿ, ಕೇಬಲ್ ಹಲಗೆಯ ಹಿಂದೆ ಅದರ ಕೊನೆಯ ಬಾಗಿನಲ್ಲೇ ಇರುವಾಗ ಒಂದು ಗಂಟೆ ಆಟ ಓಡಿಸಿ. ಕಣ್ಣು ಮಿಟುಕಿಸುವಷ್ಟು ಹೊತ್ತು ಪರದೆ ಕಪ್ಪಾಗಿ ಮರಳಿದರೆ, ಅಥವಾ ಬಿಳಿ ಚುಕ್ಕೆಗಳು ಮಿನುಗಿದರೆ ಆ ಕೇಬಲ್ ಹಿಂದಿರುಗಿಸಿ. ಒಮ್ಮೆಯೂ ಹಾಗಾಗದಿದ್ದರೆ ಹಲಗೆಗೆ ತಿರುಪು ಬಿಗಿಸಿ.